ಅತ್ತಿ ಹಣ್ಣಿನೊಳಗಿನ ಸಂಸಾರ

ನಿನ್ನೆ ಬೆಳಿಗ್ಗೆ ದಾಸವಾಳದ ಬೇಲಿಯಲ್ಲಿ ಪೂಜೆಗೆ ಹೂ ಕೊಯ್ಯುತ್ತಿದ್ದೆ. ಆಚೆ ಮನೆಯ ಅಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಸಬರಿಗೆ ಹಿಡಿದು ಅಂಗಳದಲ್ಲಿ ನಿಂತಿದ್ದರು. ಒಣಗಲು ಹರವಿದ ಅಡಿಕೆಯ ಮೇಲೆಲ್ಲ ಅತ್ತಿ ಹಣ್ಣು ಬಿದ್ದು ಪಿಚ್ಚನೆ ಒಡೆದಿತ್ತು, ನೊಣ ಮುತ್ತಿತ್ತು.

"ನೋಡು ಮಾರಾಯ್ತಿ, ದಿನಾ ಇದೇ ಗೋಳು. ದತ್ತಾತ್ರೇಯರ ಮರ ಅಂತ ಇಷ್ಟು ವರ್ಷ ಸುಮ್ಮನಿದ್ದೆ. ಈ ಸಲ ಕಡಿಸೇಬಿಡ್ತೀನಿ. ತಿನ್ನೋಣ ಅಂತ ಬಿಡಿಸಿದ್ರೆ ಒಳಗೆ ಬರೀ ಹುಳ. ಯಾರಿಗೆ ಬೇಕು ಈ ಹಣ್ಣು?"

"ಆ ಹುಳ ಇಲ್ದಿದ್ರೆ ಮರವೇ ಇಲ್ಲ ಅಕ್ಕ. ಕೆಂಪಾಗದ ಒಂದು ಕಾಯಿ ಕಿತ್ಕೊಂಡು ಬನ್ನಿ, ತೋರಿಸ್ತೀನಿ" ಅಂದೆ.

ಬೊಡ್ಡೆಯ ಮೇಲಿನ ಗೊಂಚಲಿನಿಂದ ಅವರು ಒಂದು ಕಾಯಿ ಕಿತ್ತು ತಂದರು. ಬೇಲಿಯ ಮೇಲಿಂದಲೇ ಇಸಿದುಕೊಂಡು ಚಾಕುವಿನಿಂದ ಎರಡು ಹೋಳು ಮಾಡಿದೆ. ಒಳಗೋಡೆಗೆ ಒತ್ತಿಕೊಂಡು ನೂರಾರು ಸಣ್ಣ ಸಣ್ಣ ಹೂಗಳು. ಅತ್ತಿ ಹೂ ಕಂಡವರಿಲ್ಲ ಅನ್ನುತ್ತೇವಲ್ಲ, ಹೂ ಇರುವುದೇ ಕಾಯಿಯ ಒಳಗೆ. ಆ ಹೂಗಳ ಮಧ್ಯೆ ಎಳ್ಳಿಗಿಂತ ಚಿಕ್ಕ ಜೀವಗಳು ಹರಿದಾಡುತ್ತಿದ್ದವು. ಒಂದೆರಡು ರೆಕ್ಕೆ ಬಿಡಿಸಿಕೊಂಡು ಅಕ್ಕನ ಬೆರಳ ಮೇಲೆ ಹತ್ತಿದವು.

"ಇದು ಕಣಜದ ಜಾತಿ ಅಕ್ಕ. ತಾಯಿ ಕಣಜ ಎಳೆಗಾಯಿಯ ತುದಿಯ ಕಿರುಗಿಂಡಿಯಲ್ಲಿ ನುಸುಳಿ ಒಳಗೆ ಬರುತ್ತೆ. ಆ ಇಕ್ಕಟ್ಟಿನಲ್ಲಿ ಅದರ ರೆಕ್ಕೆ ಮುರಿದು ಬೀಳುತ್ತೆ. ಮತ್ತೆ ಹೊರಗೆ ಹೋಗೋ ಆಸೆ ಇಲ್ಲ. ಬರುವಾಗ ಹೊತ್ತು ತಂದ ಪರಾಗವನ್ನ ಹೂಗಳಿಗೆ ಮುಟ್ಟಿಸಿ, ಅಲ್ಲೇ ಮೊಟ್ಟೆಯಿಟ್ಟು, ಅಲ್ಲೇ ಸಾಯುತ್ತೆ. ಕೆಲವು ಹೂಗಳಲ್ಲಿ ಮರಿ, ಉಳಿದವುಗಳಲ್ಲಿ ಬೀಜ. ಇಬ್ಬರಿಗೂ ಪಾಲು."

"ಹಾಗಾದ್ರೆ ಮರಿಗಳು ಹೊರಗೆ ಬರೋದು ಹೇಗೆ?"

"ಗಂಡುಗಳಿಗೆ ರೆಕ್ಕೆಯೇ ಇಲ್ಲ. ಹೆಣ್ಣುಗಳ ಜೊತೆ ಕೂಡಿದ ಮೇಲೆ ಎಲ್ಲ ಸೇರಿ ಕಾಯಿಯ ಗೋಡೆಗೆ ದಾರಿ ಕೊರೆದು ಸಾಯ್ತವೆ. ಆ ದಾರಿಯಲ್ಲಿ ಹೆಣ್ಣುಗಳು ಪರಾಗ ಹೊತ್ತು ಹಾರಿಹೋಗ್ತವೆ. ಆಮೇಲೆ ಹಣ್ಣು ಕೆಂಪಾಗೋದು."

ಅಕ್ಕ ಬೆರಳನ್ನು ಕಣ್ಣಿನ ಹತ್ತಿರ ಹಿಡಿದು ನೋಡುತ್ತ ನಿಂತರು. ಅತ್ತಿ, ಆಲ, ಅರಳಿ, ಬಸರಿ ಎಲ್ಲ ಒಂದೇ ಬಳಗ. ಜಗತ್ತಿನಲ್ಲಿ ಈ ಬಳಗದ ಮರಗಳು 750ಕ್ಕೂ ಹೆಚ್ಚು ಜಾತಿ. ಬಹುಮಟ್ಟಿಗೆ ಒಂದೊಂದಕ್ಕೂ ಅದರದೇ ಕಣಜ. ಆಲದ ಕಣಜ ಅತ್ತಿಗೆ ಆಗಿಬರುವುದಿಲ್ಲ. ಸುಮಾರು 7 ಕೋಟಿ ವರ್ಷಗಳಿಂದ ನಡೆದುಬಂದ ಒಡನಾಟ ಇದು.

"ಹಣ್ಣು ಕೆಂಪಾದ ಮೇಲಿನ ಕತೆ ನಂಗೂ ಗೊತ್ತು. ರಾತ್ರಿ ಬಾವಲಿ, ಬೆಳಗಾದ್ರೆ ಕುಟ್ರುಹಕ್ಕಿ" ಅಂದರು ಅಕ್ಕ.

"ಮಂಗಟ್ಟೆ ಹಕ್ಕಿಯನ್ನ ಮರೆತ್ರಲ್ಲ! ಇನ್ನೇನು ಅದರ ಬಾಣಂತನದ ಕಾಲ. ಹೆಣ್ಣು ಮರದ ಪೊಟರೆಯೊಳಗೆ ಕೂತು, ಬಾಗಿಲನ್ನ ತಾನೇ ಮೆತ್ತಿ ಮುಚ್ಚಿಕೊಳ್ಳುತ್ತೆ. ಕೊಕ್ಕು ತೂರುವಷ್ಟು ಸೀಳು ಮಾತ್ರ ಬಿಡೋದು. ವಾರಗಟ್ಟಲೆ ಗಂಡು ತಂದುಕೊಟ್ಟಿದ್ದೇ ಊಟ. ಬೇಸಿಗೆಯಲ್ಲಿ ಕಾಡಿನ ಬೇರೆ ಹಣ್ಣು ಕಡಿಮೆಯಾದಾಗ ಅತ್ತಿ, ಆಲದ ಹಣ್ಣೇ ಅದಕ್ಕೆ ಆಧಾರ. ತಿಂದ ಬೀಜವನ್ನ ದೂರದೂರ ಹಾಕಿ ಬರೋದೂ ಅದೇ."

ದಾಂಡೇಲಿಯಲ್ಲಿ ಮಂಗಟ್ಟೆಗಳಿಗೆಂದೇ 2011ರಲ್ಲಿ ಕಾಡನ್ನು ಕಾಯ್ದಿರಿಸಿದರು. ಒಳ್ಳೆಯ ಕೆಲಸ. ಆದರೆ ಪೊಟರೆಯ ಮರವೊಂದನ್ನೇ ಉಳಿಸಿದರೆ ಹಕ್ಕಿ ಉಳಿಯುವುದಿಲ್ಲ. ಹಣ್ಣಿನ ಮರ ಬೇಕು. ಆ ಮರಕ್ಕೆ ಎಳ್ಳಿಗಿಂತ ಚಿಕ್ಕ ಕಣಜ ಬೇಕು.

"ನಿಮ್ಮನೆ ಹಿತ್ತಿಲಲ್ಲೂ ಒಂದು ಅತ್ತಿ ಇದೆಯಲ್ಲ. ನನ್ನದು ಹೋದ್ರೆ ಅದು ಸಾಲ್ದಾ?" ಅಕ್ಕನ ದನಿ ಸಣ್ಣಗಾಗಿತ್ತು.

ನಾನು ಹಿತ್ತಿಲ ಕಡೆ ಕೈ ತೋರಿಸಿದೆ. ಹಳ್ಳದ ದಂಡೆಯ ನಮ್ಮ ಅತ್ತಿಯಲ್ಲಿ ಆಗಷ್ಟೇ ಮೆಣಸಿನಕಾಳಿನಷ್ಟು ಮಿಡಿ ಕಚ್ಚಿತ್ತು. "ಈ ಕಣಜದ ಆಯಸ್ಸು ಒಂದೆರಡು ದಿನ ಅಕ್ಕ. ನಿಮ್ಮ ಮರದಿಂದ ಹೊರಟದ್ದು ಅಷ್ಟರಲ್ಲಿ ಎಳೆಗಾಯಿ ಬಿಟ್ಟ ಇನ್ನೊಂದು ಅತ್ತಿ ಮುಟ್ಟಬೇಕು. ಒಂದೇ ಮರದ ಕಾಯೆಲ್ಲ ಸಾಮಾನ್ಯವಾಗಿ ಒಟ್ಟಿಗೇ ಬಲಿಯೋದು. ಅದಕ್ಕೇ ಒಂದು ಮರದಿಂದ ಸಂಸಾರ ಸಾಗೋಲ್ಲ. ಊರಲ್ಲಿ ಅಲ್ಲೊಂದು ಇಲ್ಲೊಂದು ಅತ್ತಿ ಬೇರೆ ಬೇರೆ ಹೊತ್ತಿಗೆ ಕಾಯಿ ಬಿಡ್ತಿರಬೇಕು. ಒಂದೊಂದೇ ಕಡೀತಾ ಹೋದ್ರೆ, ಹಾರಿದ ಕಣಜ ಕೂರೋಕೆ ಜಾಗ ಇಲ್ದೆ ಸಾಯುತ್ತೆ."

ಅಕ್ಕ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಬೆರಳ ಮೇಲಿದ್ದ ಕಣಜ ಯಾವಾಗಲೋ ಹಾರಿಹೋಗಿತ್ತು. ಆಮೇಲೆ ತಲೆಯೆತ್ತಿ ಮರ ನೋಡಿದರು.

"ಅಂಗಳಕ್ಕೆ ಬಾಗಿದ ಆ ಕೊಂಬೆ ಒಂದನ್ನೇ ಸವರಿಸ್ತೀನಿ. ಅದೂ ಈ ಹಣ್ಣು ಮುಗಿದ ಮೇಲೆ" ಅಂದು ಕಸಬರಿಗೆ ಎತ್ತಿಕೊಂಡರು. "ಅಲ್ಲಿವರೆಗೆ ಅಡಿಕೆ ಹರವೋಕೆ ನಿಮ್ಮ ಅಂಗಳದಲ್ಲಿ ಒಂಚೂರು ಜಾಗ ಕೊಡ್ತೀಯಾ?"

"ಈಗಲೇ ತನ್ನಿ ಅಕ್ಕ" ಅಂದು ಹೂವಿನ ಬುಟ್ಟಿ ಕೆಳಗಿಟ್ಟು, ಅಂಗಳ ಗುಡಿಸಲು ಹೋದೆ.