ಲೇಪವಿಕಾರಶಾಸ್ತ್ರ ಪ್ರವೇಶಿಕೆ

ಗಣಕದ ಕಡತದಲ್ಲಿ ಸ್ವಸ್ಥವಾಗಿದ್ದ ಲೇಖನವು ಇ-ಮೇಲ್‌ನಲ್ಲಿ ಲೇಪಿತವಾದೊಡನೆ, ಅಂದರೆ ಪೇಸ್ಟ್ ಆದೊಡನೆ, ಕರ್ತೃವಿನ ಇಚ್ಛೆಯಿಲ್ಲದೆ ಹೊಂದುವ ರೂಪಾಂತರವೇ ಲೇಪವಿಕಾರ. ಲಕ್ಷಣದಿಂದ ‘ಇಚ್ಛೆಯಿಲ್ಲದೆ’ ಎಂಬುದನ್ನು ತೆಗೆದರೆ ತಿದ್ದುಪಡಿಯಲ್ಲಿ ಅತಿವ್ಯಾಪ್ತಿ. ‘ಲೇಪಿತವಾದೊಡನೆ’ ಎಂಬುದನ್ನು ತೆಗೆದರೆ ಬೆರಳಚ್ಚುಗಾರನ ಪ್ರಮಾದದಲ್ಲಿ ಅತಿವ್ಯಾಪ್ತಿ. ಈ ಶಾಸ್ತ್ರಕ್ಕೆ ಅಧಿಕಾರಿ ಯಾರೆಂದರೆ, ರಾಯಚೂರು ನಗರ, ದೇವದುರ್ಗ, ಮಾನ್ವಿಗಳ ಝೆರಾಕ್ಸ್ ಅಂಗಡಿಗಳಲ್ಲಿ ಕುಳಿತು ಪರರ ಅರ್ಜಿಗಳನ್ನು ಟೈಪಿಸಿ ಮೇಲ್ ಮಾಡಿಕೊಡುವವನು. ತಹಶೀಲ್ ಕಚೇರಿಯ ಒಳಗಿರುವವರು ಅಧಿಕಾರಿಗಳಾದರೂ ಇಲ್ಲಿ ಅಧಿಕಾರಿಗಳಲ್ಲ.

ವಿಕಾರವು ಚತುರ್ವಿಧ.

1. ವರ್ಣವಿಕಾರ. ಇದೇ ಪ್ರಧಾನ, ಉಳಿದವು ಇದರ ಪರಿವಾರ. ನುಡಿ ತಂತ್ರಾಂಶದ ಹಳೆಯ ಅಚ್ಚುಗಳು (ಫಾಂಟುಗಳು) ಅಕ್ಷರವನ್ನಲ್ಲ, ಅಕ್ಷರದ ಅವಯವಗಳನ್ನು ಲ್ಯಾಟಿನ್ ಲಿಪಿಯ ಸ್ಥಾನಗಳಲ್ಲಿ ಕೂರಿಸಿಕೊಂಡಿವೆ. ಯೂನಿಕೋಡ್ ಕನ್ನಡಕ್ಕೆ ಪ್ರತ್ಯೇಕವಾಗಿ 128 ಸ್ಥಾನಗಳನ್ನು ಕೊಟ್ಟಿದೆ. ನುಡಿ ಅಚ್ಚಿನಲ್ಲಿ ಕನ್ನಡವು ಪರಗೃಹವಾಸಿ. ಅಚ್ಚು ಕಳಚಿದರೆ ಗೃಹಸ್ವಾಮಿಯೇ ಕಾಣಿಸಿಕೊಳ್ಳುತ್ತಾನೆ. ‘ಕನ್ನಡ’ ಎಂಬ ಮೂರಕ್ಷರ ಆಗ ಏಳು ಚಿಹ್ನೆಗಳಾಗುತ್ತದೆ: ದೊಡ್ಡ ಪಿ, ನೆತ್ತಿಯ ಮೇಲೆ ಗೀಟಿರುವ ಎ, ಬ್ರಿಟಿಷ್ ಪೌಂಡ್, ಪುನಃ ಎ, ಜರ್ಮನರ ಜೋಡಿ ಎಸ್, ಸಣ್ಣ ಕ್ಯೂ, ಪುನಃ ಎ. ಮೂರು ಬಾರಿ ಬಂದ ಆ ಎ ನಮ್ಮ ತಲಕಟ್ಟು. ಈ ವಿಕಾರವನ್ನು ಪಾಮರರು ‘ಗಿಜಿಬಿಜಿ’ ಎನ್ನುತ್ತಾರೆ. ಅದು ಅಶಾಸ್ತ್ರೀಯ, ಇಷ್ಟು ನಿಯತವಾದ ಕ್ರಮವು ಎಷ್ಟೋ ವ್ಯಾಕರಣಗಳಿಗಿಲ್ಲ.

1.1. ದ್ರವ್ಯಾತ್ಮಕ. ನಕಾರವು ಪೌಂಡ್, ಪಕಾರವು ಜಪಾನಿನ ಯೆನ್, ‘ದಿ’ಯು ಸೆಂಟ್. ಆದುದರಿಂದ ಪ್ರತಿಯೊಂದು ಪಂಚಾಯತಿಯೂ ಯೆನ್‌ನಿಂದ ಆರಂಭವಾಗುತ್ತದೆ. ಪ್ರತಿಯೊಂದು ದಿನಾಂಕದಲ್ಲೂ ಒಂದು ಸೆಂಟ್, ಒಂದು ಪೌಂಡ್ ನಿಹಿತವಾಗಿವೆ. ರಾಯಚೂರು, ದೇವದುರ್ಗಗಳು ನಿರ್ದ್ರವ್ಯ. ಮಾನ್ವಿಯ ವಿಷಯ ಸೂಕ್ಷ್ಮವಾದದ್ದು. ‘ಮಾನವಿ’ ಎಂದು ಬರೆದರೆ ಪೌಂಡ್ ದೊರೆಯುತ್ತದೆ. ‘ಮಾನ್ವಿ’ ಎಂದರೆ ಯಾವ ದೇಶಕ್ಕೂ ಸೇರದ ಸಾಮಾನ್ಯ ನಾಣ್ಯಚಿಹ್ನೆ ಮಾತ್ರ. ಊರಿನ ಹೆಸರನ್ನು ಎರಡು ಬಗೆಯಲ್ಲೂ ಬರೆಯುವ ರೂಢಿಯಿರುವುದರಿಂದ ತಾಲ್ಲೂಕಿನ ಆರ್ಥಿಕ ಸ್ಥಿತಿ ಲೇಖಕಾಧೀನ.

1.2. ಭಿನ್ನಾತ್ಮಕ. ಳಕಾರವು ಕಾಲು, ‘ಳಿ’ಯು ಅರ್ಧ. ಅರ್ಧವಿಲ್ಲದ ಹಳ್ಳಿಯಿಲ್ಲ.

1.3. ಪ್ರೇಷಕಸುಭಗ. ಕಳಿಸಿದವನ ಗಣಕದಲ್ಲಿ ನುಡಿ ಅಚ್ಚು ಇರುವುದರಿಂದ ಅವನಿಗೆ ವಿಕಾರವೇ ಗೋಚರಿಸದು. ಇದಕ್ಕೆ ಶಬ್ದಪ್ರಮಾಣ, ಯಾವ ಅಂಗಡಿಯಲ್ಲಾದರೂ ಶ್ರುತವಾಗುವ ಆಪ್ತವಾಕ್ಯ: “ನಮ್ಮ ಕಡೆ ಚಲೋ ಕಾಣಕತ್ತೈತಲ್ರಿ.” ಸ್ವೀಕರಿಸಿದವನ ಪ್ರತ್ಯಕ್ಷವೂ ಪ್ರೇಷಕನ ಪ್ರತ್ಯಕ್ಷವೂ ಪರಸ್ಪರ ವಿರುದ್ಧ, ಎರಡೂ ಅಬಾಧಿತ. ನೈಯಾಯಿಕರು ಇಂಥ ಪ್ರಸಂಗವನ್ನು ಊಹಿಸಿದ್ದರೆಂದು ನನಗೆ ತೋರುವುದಿಲ್ಲ.

ಇಲ್ಲಿ ಪೂರ್ವಪಕ್ಷ: ಲಿಪಿಯನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ದರೆ ವಿಕಾರ ಅನಿವಾರ್ಯವಲ್ಲವೇ? ಅಲ್ಲ. 1915ರಲ್ಲಿ ಇದೇ ರಾಯಚೂರು ಸೀಮೆಯ ಮಸ್ಕಿಯಲ್ಲಿ ಬೆಳಕಿಗೆ ಬಂದ ಬಂಡೆಶಾಸನದ ಅಚ್ಚು ತೆಗೆದಾಗ ಅಶೋಕನು ಅಶೋಕನಾಗಿಯೇ ಕಾಗದಕ್ಕಿಳಿದನು. ನುಡಿಯಿಂದ ಮೇಲ್‌ಗೆ ಇಳಿದಿದ್ದರೆ ಎರಡನೆಯ ಸ್ಥಾನದಲ್ಲಿ ಗಣಿತದ ಕೂಡು-ಕಳೆ ಚಿಹ್ನೆ ನಿಲ್ಲುತ್ತಿತ್ತು.

2. ಅಂತರವಿಕಾರ. ಸಾಲಿನ ಅಂತ್ಯವನ್ನು ಮೇಲ್ ಪರಿಚ್ಛೇದದ ಅಂತ್ಯವೆಂದು ಗ್ರಹಿಸಿ ನಡುವೆ ಅವಕಾಶ ಕಲ್ಪಿಸುವುದು. ಮಾನ್ವಿಯ ಜಗನ್ನಾಥದಾಸರ ಹರಿಕಥಾಮೃತಸಾರ ಭಾಮಿನಿ ಷಟ್ಪದಿಯಲ್ಲಿದೆ. ಅದರ ಪದ್ಯವೊಂದನ್ನು ಲೇಪಿಸಿದರೆ ಆರು ಏಕಪದಿಗಳು ಲಭಿಸುತ್ತವೆ. ಛಂದಶ್ಶಾಸ್ತ್ರದಲ್ಲಿ ಇಂಥ ಏಕಪದಿಗೆ ಲಕ್ಷಣವಿಲ್ಲವಾದುದರಿಂದ ನಾವೇ ಹೇಳಬೇಕಾಯಿತು: ಹಿಂದೆ ಮುಂದೆ ಶೂನ್ಯವುಳ್ಳ ಪಾದವೇ ಏಕಪದಿ.

3. ಕೋಷ್ಟಕಪತನ. ಗೆರೆಗಳು ಲೋಪಿಸಿ ಕಂಬಸಾಲುಗಳು ಒಂದರ ಮೇಲೊಂದು ಕುಸಿಯುವುದು. ತುಂಗಭದ್ರಾ ಎಡದಂಡೆ ನಾಲೆಯ ಕೊನೆ ಭಾಗದ ರೈತರು ನೀರು ಕೇಳುವ ಅರ್ಜಿಯಲ್ಲಿ ಸರ್ವೆ ನಂಬರ್, ಎಕರೆ, ಗುಂಟೆ ಎಂಬ ಮೂರು ಕಂಬಸಾಲುಗಳಿರುತ್ತವೆ. ಪತನಾನಂತರ ಕೇವಲ ಅಂಕಿಗಳ ಸರಣಿ ಉಳಿಯುತ್ತದೆ. ಯಾವುದು ಹೊಲ, ಯಾವುದು ಅದರ ವಿಸ್ತಾರ ಎಂಬುದಕ್ಕೆ ಅನುಮಾನವೊಂದೇ ಗತಿ: 40 ಗುಂಟೆಗೆ ಒಂದು ಎಕರೆಯಾದ್ದರಿಂದ, 39ನ್ನು ಮೀರಿದ ಅಂಕಿ ಗುಂಟೆಯಾಗಲಾರದು. ಅದನ್ನು ಮೀರದ್ದು ಮೂರರಲ್ಲಿ ಯಾವುದೂ ಆಗಬಹುದು.

4. ಬಿಂದುವಿಕಾರ. ಪಟ್ಟಿಯ ಚೌಕಬಿಂದುವು ಕಾನೂನು ಪುಸ್ತಕದ ಕಲಂ ಚಿಹ್ನೆಯಾಗುವುದು. ನುಡಿಯಲ್ಲಿ ಅದೇ ಚಿಹ್ನೆ ಬಕಾರ. ಹೆಚ್ಚು ಹೇಳುವುದಕ್ಕೇನಿಲ್ಲ.

ಪರಿಹಾರವಾದಿಗಳಲ್ಲಿ ಎರಡು ಪಂಥ. ಪರಿವರ್ತನವಾದಿಗಳು ಬರಹವನ್ನು ಮೊದಲು ಯೂನಿಕೋಡ್‌ಗೆ ತಿರುಗಿಸಿ ಆಮೇಲೆ ಅಂಟಿಸುತ್ತಾರೆ. ಅವರ ಮತ ಸಾಧುವಾದರೂ ಅದರಿಂದ ಮೊದಲ ಭೇದ ಮಾತ್ರ ಶಮಿಸುತ್ತದೆ. ಛಾಯಾವಾದಿಗಳು ಅರ್ಜಿಯನ್ನು ಪ್ರಿಂಟ್ ತೆಗೆದು, ಸಹಿ ಹಾಕಿಸಿ, ಮೊಬೈಲಿನಲ್ಲಿ ಫೋಟೋ ಹೊಡೆದು ಲಗತ್ತಿಸುತ್ತಾರೆ. ಅಲ್ಲಿ ವಿಕಾರವಿಲ್ಲವೆಂಬ ಅವರ ಘೋಷಣೆ ನಿಜವೇ. ವಿಕರಿಸಲು ಅಕ್ಷರವೇ ಇಲ್ಲ. ಆದರೆ ಅದನ್ನು ಮೇಲಿನ ಕಚೇರಿಗೆ ರವಾನಿಸಬೇಕಾದ ಗುಮಾಸ್ತನು ಫೋಟೋ ನೋಡಿಕೊಂಡು ಪುನಃ ನುಡಿಯಲ್ಲಿ ಟೈಪಿಸುತ್ತಾನೆ. ಟೈಪಿಸಿದ್ದನ್ನು ಮೇಲ್‌ಗೆ ಅಂಟಿಸುತ್ತಾನೆ. ಅವನ ಕಡೆ ಅದು ಚಲೋ ಕಾಣುತ್ತದೆ, 1.3 ನೋಡಿ.