ಎಂತ ಆಯ್ತು ಮಾರಾಯ್ರೆ?

ನಮ್ಮ ವೇಣೂರಿನ ಕಡೆ ಸೈಕಲ್ ತುಳಿಯುವವನಿಗೆ ಒಂದು ಕಾರಣ ಇರಲೇಬೇಕು. ಹಿಂದೆ ಬುಟ್ಟಿ ಕಟ್ಟಿದ್ದರೆ ಮೀನು. ತಗಡಿನ ಪೆಟ್ಟಿಗೆ ಇದ್ದರೆ ಬ್ರೆಡ್ಡು, ಬನ್ನು. ಹ್ಯಾಂಡಲಿಗೆ ಚೀಲ ನೇತುಬಿದ್ದಿದ್ದರೆ ಪೇಪರು. ಕ್ಯಾರಿಯರಿನಲ್ಲಿ ಬೀಡಿಯ ಕಟ್ಟಿದ್ದರೆ ಬೀಡಿ ಕಂಪೆನಿಯ ಬ್ರಾಂಚಿಗೆ ಹೊರಟದ್ದು. ಮೀನಿನವರು ಎಂದೋ ಸ್ಕೂಟರಿಗೆ, ಆಮೇಲೆ ಗೂಡ್ಸ್ ರಿಕ್ಷಾಕ್ಕೆ ಬಡ್ತಿ ಪಡೆದರು. ಈಗ ಸೈಕಲಿನಲ್ಲಿ ಉಳಿದಿರುವವರು ಮಕ್ಕಳು, ಅವರಿಗೂ ಶಾಲೆ ಎಂಬ ಕಾರಣ ಉಂಟು. ಏನನ್ನೂ ಹೊರದೆ, ಯಾವ ಕೆಲಸಕ್ಕೂ ಹೋಗದೆ, ತಲೆ ನರೆತ ಗಂಡಸೊಬ್ಬ ಸುಮ್ಮನೆ ಸೈಕಲ್ ತುಳಿಯುತ್ತಿದ್ದಾನೆ ಎಂದರೆ ಅವನ ಮನೆಯಲ್ಲಿ ಏನೋ ಆಗಿದೆ ಎಂದೇ ಅರ್ಥ.

ಬೆಂಗಳೂರಿನ ನಮ್ಮ ಭಾವನಿಗೆ ಇದು ಗೊತ್ತಿರಲಿಲ್ಲ. ಅವರು ಅಕ್ಕನನ್ನೂ ಕರೆದುಕೊಂಡು ಇಟಲಿಗೆ ಹೋಗಿ, ಟಸ್ಕನಿ ಎಂಬ ಸೀಮೆಯಲ್ಲಿ ಸೈಕಲ್ ತುಳಿದು ಬಂದಿದ್ದರು. ಅಲ್ಲಿ ತುಳಿಯುವುದಕ್ಕೆ ಕೊಟ್ಟ ದುಡ್ಡಿನಲ್ಲಿ ಇಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಕಾರು ಬರುತ್ತಿತ್ತು ಎಂಬುದು ಅಕ್ಕನ ಲೆಕ್ಕ. ವ್ಯವಸ್ಥೆ ಹೀಗಂತೆ: ಬ್ಯಾಗುಗಳನ್ನು ಒಬ್ಬ ವ್ಯಾನಿನಲ್ಲಿ ಮುಂದಕ್ಕೆ ಒಯ್ಯುತ್ತಾನೆ. ನಾವು ದ್ರಾಕ್ಷಿ ತೋಟ, ಆಲಿವ್ ತೋಟಗಳ ನಡುವೆ ಮೆಲ್ಲಗೆ ತುಳಿಯುತ್ತ, ಗುಡ್ಡದ ಮೇಲಿನ ಹಳೇ ಊರು ಸಿಕ್ಕಿದಲ್ಲಿ ಇಳಿದು, ಚರ್ಚು ನೋಡಿ, ಊಟ ಮಾಡಿ, ಮತ್ತೆ ತುಳಿಯುವುದು. ಸಾನ್ ಜಿಮಿನ್ಯಾನೊ ಎಂಬಲ್ಲಿ ಹಿಂದಿನ ಕಾಲದ ಸಾಹುಕಾರರು ಒಬ್ಬರ ಮೇಲೊಬ್ಬರು ಪಂಥ ಹಾಕಿ ಕಟ್ಟಿಸಿದ ಗೋಪುರಗಳಲ್ಲಿ 14 ಇನ್ನೂ ನಿಂತಿವೆಯಂತೆ. ಭಾವ ಹದಿನಾಲ್ಕರ ಫೋಟೋವನ್ನೂ ಬೇರೆ ಬೇರೆಯಾಗಿ ತೋರಿಸಿದರು. ಹಳೆಯ ಕಲ್ಲು, ತೋಟ, ಏರು, ಇಳಿತ, ಬಾಗಿಲ ಬಳಿ ಕೂತು ದಾರಿ ನೋಡುವ ಮುದುಕರು. “ಇದಕ್ಕೆ ಅಷ್ಟು ದೂರ ಹೋದದ್ದು ಯಾಕೆ ಭಾವಾ?” ಎಂದು ನಾನು ಕೇಳಿದ್ದನ್ನು ಅವರು ಸವಾಲಾಗಿ ತೆಗೆದುಕೊಂಡರು. ಮುಂದಿನ ಡಿಸೆಂಬರಿನಲ್ಲಿ ಕಾರಿನ ಬೆನ್ನಿಗೆ ಸೈಕಲ್ ಕಟ್ಟಿಕೊಂಡೇ ಬಂದಿಳಿದರು.

ನನಗೆ ಅಪ್ಪಯ್ಯನ ಸೈಕಲ್ ಇತ್ತು. ಕೊಟ್ಟಿಗೆಯ ಮೂಲೆಯಲ್ಲಿ ಅಡಿಕೆ ಸಿಪ್ಪೆಯ ಗೋಣಿಗಳ ಹಿಂದೆ ಇದ್ದದ್ದನ್ನು ಎಳೆದು, ತೆಂಗಿನೆಣ್ಣೆ ಕುಡಿಸಿ, ಟೈರು ಹಾಕಿಸಿದೆ. ಅದನ್ನು ನೋಡಿ ಭಾವ ಮುಖ ಅರಳಿಸಿದರು. ಟಸ್ಕನಿಯ ಗಾಯೋಲೆ ಎಂಬ ಊರಿನಲ್ಲಿ 1997ರಿಂದ ‘ಲೆರೊಯಿಕಾ’ ಎಂಬ ಸೈಕಲ್ ಸವಾರಿ ನಡೆಯುತ್ತದಂತೆ. 1987ಕ್ಕಿಂತ ಮೊದಲಿನ ಮಾದರಿಯ ಸೈಕಲ್ಲುಗಳಿಗೆ ಮಾತ್ರ ಪ್ರವೇಶ. ಡಾಂಬರು ಕಾಣದ ಬಿಳಿ ಮಣ್ಣಿನ ರಸ್ತೆಗಳನ್ನೇ ಹುಡುಕಿ ಹುಡುಕಿ ತುಳಿಯುತ್ತಾರೆ, ನಡುವೆ ವಿಶ್ರಾಂತಿಗೆ ನಿಂತಲ್ಲಿ ವೈನು ಕೊಡುತ್ತಾರೆ. ಹಳತನವೊಂದೇ ಅರ್ಹತೆಯಾದರೆ ಅಪ್ಪಯ್ಯನ ಸೈಕಲ್ಲು ಅಲ್ಲಿ ಮುಖ್ಯ ಅತಿಥಿಯಾಗುತ್ತಿತ್ತು. ಇನ್ನು ಡಾಂಬರಿಲ್ಲದ ರಸ್ತೆಯನ್ನು ನಮ್ಮಲ್ಲಿ ಹುಡುಕಬೇಕಾಗಿಲ್ಲ. ವೇಣೂರಿನ ಬಾಹುಬಲಿಗೆ ಹನ್ನೆರಡು ವರ್ಷಕ್ಕೊಮ್ಮೆ ಮಸ್ತಕಾಭಿಷೇಕ, 2012ರಲ್ಲಿ ಆದದ್ದು ಮತ್ತೆ 2024ರಲ್ಲಿ ಆಯಿತು. ಕೆಲವು ಒಳರಸ್ತೆಗಳೂ ಅದೇ ವ್ರತ ಹಿಡಿದಿವೆ.

ಮೂಡುಬಿದಿರೆಯಿಂದ ಹೊರಡುವುದೆಂದು ತೀರ್ಮಾನ. ಹೇಗೂ ಹದಿನೆಂಟು ಬಸದಿಗಳ ಊರು, ಇಟಲಿಯ ಲೆಕ್ಕಕ್ಕೆ ಕಡಿಮೆ ಬೀಳುವುದಿಲ್ಲ. ಭಾವ ಸೈಕಲ್ ಸವಾರರ ಆ ಅಂಟು ಚಡ್ಡಿಯಲ್ಲಿ ಕಾಣಿಸಿಕೊಂಡರು. ಪೇಟೆಯಲ್ಲಿ ಚಾ ಕುಡಿಯುತ್ತಿದ್ದ ಅಜ್ಜರೊಬ್ಬರು ಬಹಳ ಹೊತ್ತು ನೋಡಿ, ನನ್ನನ್ನು ಹತ್ತಿರ ಕರೆದು, ಅವಮಾನವಾಗದ ಹಾಗೆ ಮೆಲ್ಲಗೆ ಹೇಳಿದರು: “ಒಳಗಿನದ್ದು ಹಾಕಿದ್ದಾರೆ, ಮೇಲಿನದ್ದು ಮರೆತದ್ದು ಕಾಣ್ತದೆ.” ಬಸದಿಗೆ ಹೋಗುವುದಿತ್ತಲ್ಲ, ಮೇಲಿನದ್ದಕ್ಕೆ ನನ್ನ ಹೆಗಲ ಮೇಲಿದ್ದ ಬೈರಾಸು ಆಯಿತು. ಹೀಗೆ ಪಂಚೆಯಷ್ಟು ಉದ್ದವಿಲ್ಲದ ಬೈರಾಸು ಸುತ್ತಿಕೊಂಡು ಅವರು 1430ರ ಸಾವಿರ ಕಂಬದ ಬಸದಿಯನ್ನು ನೋಡಿದರು. ಅಲ್ಲಿ ಭಾವ ಸುಮ್ಮನಾದದ್ದು ನನಗೆ ನೆನಪಿದೆ. ಒಂದು ಕಂಬದ ಕೆತ್ತನೆಯ ಹಾಗೆ ಇನ್ನೊಂದಿಲ್ಲ ಎನ್ನುತ್ತಾರೆ. ಭಾವ ಅದನ್ನು ಪರೀಕ್ಷಿಸಲು ಹೊರಟು, ಎಂಟನೆಯ ಕಂಬಕ್ಕೆ ಬರುವಾಗ ಮೊದಲನೆಯದು ಹೇಗಿತ್ತೆಂದು ಮರೆತು, ಮತ್ತೆ ಹಿಂದೆ ಹೋದರು. ಮರದ ಕೆತ್ತನೆಯಿರುವ ಚೌಟರ ಅರಮನೆಯನ್ನು ನೋಡುವ ಹೊತ್ತಿಗೆ ಬಿಸಿಲೇರಿತ್ತು. ಒಂಬತ್ತು ಹೆಂಗಸರು ಸೇರಿ ಒಂದು ಆನೆಯಾಗಿರುವ ನವನಾರಿ ಕುಂಜರದ ಮುಂದೆ ನಿಂತು “ಟೀಂ ವರ್ಕ್” ಅಂದರು. ಐಟಿ ಕಂಪೆನಿಯವರು ಏನು ನೋಡಿದರೂ ಕೊನೆಗೆ ಅಲ್ಲಿಗೇ ಬರುತ್ತಾರೆ.

ಮೂಡುಬಿದಿರೆಯಿಂದ ವೇಣೂರಿಗೆ ಇಪ್ಪತ್ತು ಕಿಲೋಮೀಟರಿನ ಆಸುಪಾಸು. ಬಸ್ಸಿನಲ್ಲಿ ಕೂತವನಿಗೆ ಅದು ಒಂದು ನಿದ್ದೆ. ಸೈಕಲಿಗೆ ಬೇರೆಯೇ ಭೂಗೋಳ. ನಮ್ಮಲ್ಲಿ ಸಮತಟ್ಟು ಅಂತ ಇರುವುದು ಎರಡೇ, ಗದ್ದೆ ಮತ್ತು ಅಂಗಳ. ಉಳಿದದ್ದೆಲ್ಲ ಏರು ಅಥವಾ ತಗ್ಗು. ಏರಿನ ತುದಿಗೆ ಮುರಕಲ್ಲಿನ ಬೋಳು ಪದವು, ತಗ್ಗಿನ ಬುಡಕ್ಕೆ ಅಡಿಕೆ ತೋಟ, ತೋಟದ ಆಚೆ ಮತ್ತೆ ಏರು. ಭಾವನ ಸೈಕಲಿನಲ್ಲಿ ಇಪ್ಪತ್ತೊಂದು ಗೇರು. ನನ್ನದರಲ್ಲಿ ಎರಡು, ತುಳಿಯುವುದು ಮತ್ತು ದೂಡುವುದು. ಪೆರಿಂಜೆಯ ಹೊತ್ತಿಗೆ ಭಾವನೂ ನನ್ನ ಎರಡನೆಯ ಗೇರಿಗೆ ಬಂದಿದ್ದರು.

ದೂಡಿಕೊಂಡು ಹೋಗತೊಡಗಿದ ಮೇಲೆಯೇ ಊರು ಮಾತಾಡತೊಡಗಿತು. “ಎಂತ ಆಯ್ತು ಮಾರಾಯ್ರೆ, ಪಂಕ್ಚರಾ?” ಇಲ್ಲ. “ಬೈಕು ಗ್ಯಾರೇಜಿಗೆ ಕೊಟ್ಟದ್ದಾ?” ಅದೂ ಅಲ್ಲ. “ಡಾಕ್ಟ್ರು ಹೇಳಿದ್ದಾ?” ಎಂದು ಕೇಳಿದವರ ದನಿಯಲ್ಲಿ ಮರುಕ ಇತ್ತು. ಶುಗರಿನವರಿಗೆ ನಮ್ಮ ಜಿಲ್ಲೆಯಲ್ಲಿ ಎಲ್ಲ ಹುಚ್ಚಾಟಕ್ಕೂ ರಿಯಾಯಿತಿ ಉಂಟು. “ಹರಕೆಯಾ?” ಎಂದೊಬ್ಬರು. ಭಾವ ಪ್ರತಿಯೊಬ್ಬರಿಗೂ ನಿಂತು, ಸುಮ್ಮನೆ ಊರು ನೋಡಲು ಬಂದದ್ದು ಎಂದು ಸತ್ಯ ಹೇಳಿದರು. ಯಾರೂ ನಂಬಲಿಲ್ಲ. ಹೇಳಲಾಗದ ಕಷ್ಟವಿರಬೇಕು ಎಂದುಕೊಂಡು ಒಬ್ಬರು ಎರಡು ಬೊಂಡ ಕೆತ್ತಿ ಕೊಟ್ಟರು, ದುಡ್ಡು ಮುಟ್ಟಲಿಲ್ಲ.

“ಇಟಲಿಯಲ್ಲಿ ಹೀಗೆ ಯಾರೂ ಕೇಳುವುದಿಲ್ಲ,” ಅಂದರು ಭಾವ. ದಾರಿಬದಿಯ ಹೋಟೆಲೊಂದರಲ್ಲಿ ಕೂತಿದ್ದೆವು. ಗೋಳಿಬಜೆಯ ತಟ್ಟೆ ನಮ್ಮ ಮುಂದೆ ಇತ್ತು, ಚಟ್ನಿ ಇನ್ನೂ ಬಂದಿರಲಿಲ್ಲ. ಆ ಬಿಡುವಿನಲ್ಲಿ ನಾನು ಪಿಯೆತ್ರೊ ದೆಲ್ಲಾ ವಾಲೆಯ ಸಂಗತಿ ಹೇಳಿದೆ.

ರೋಮಿನ ಈ ಗೃಹಸ್ಥ 1623ರ ಕೊನೆಯಲ್ಲಿ ಇಕ್ಕೇರಿಯನ್ನು ನೋಡಿಕೊಂಡು ಮಂಗಳೂರಿಗೆ ಬಂದ. ಉಳ್ಳಾಲದ ರಾಣಿ ಮಣೇಲಿನಲ್ಲಿದ್ದಾಳೆ ಎಂದು ಕೇಳಿ ಅಲ್ಲಿಗೂ ಹೋದ. ಮಣೇಲ್ ಎಂದರೆ ಗುರುಪುರದ ಕಡೆ. ವೇಣೂರಿನ ಬಾಹುಬಲಿಯ ಪಕ್ಕದಲ್ಲಿ ಹರಿಯುವ ಫಲ್ಗುಣಿಯೇ ಮುಂದೆ ಗುರುಪುರ ಹೊಳೆಯಾಗುವುದು. ರಾಣಿ ಅವನಿಗೆ ಸಿಕ್ಕಿದ್ದು ಸಿಂಹಾಸನದಲ್ಲಲ್ಲ, ದಾರಿಯಲ್ಲಿ. ನೀರಿನ ಕಾಲುವೆಯ ಅಗೆತ ನೋಡಲು ಬರಿಗಾಲಿನಲ್ಲಿ ನಡೆದು ಹೊರಟಿದ್ದಳು. ಯಾವ ಊರು, ಏನು ಎಂದೆಲ್ಲ ವಿಚಾರಿಸಿದ ಮೇಲೆ ಅವಳು ಕೇಳಿದ್ದು ಇದು: ಹೀಗೆ ಅಲೆಯುತ್ತಿದ್ದೀಯಲ್ಲ, ಊರಿನಲ್ಲಿ ಏನಾದರೂ ಬೇಸರವಾಯಿತೋ, ಪ್ರೀತಿಯವರು ಯಾರಾದರೂ ತೀರಿಕೊಂಡರೋ? ಬೇಸರವೇನಿಲ್ಲ, ನಾಲ್ಕು ದೇಶ ನೋಡುವ ಆಸೆ ಅಷ್ಟೇ ಎಂದ ದೆಲ್ಲಾ ವಾಲೆ. ಆಮೇಲೆ, ಹೆಂಡತಿ ಸತ್ತ ಮೇಲೆ ತಾನು ವೇಷದಲ್ಲಲ್ಲದಿದ್ದರೂ ಮನಸ್ಸಿನಲ್ಲಿ ಜೋಗಿಯೇ ಆಗಿದ್ದೇನೆ ಎಂದೂ ಒಪ್ಪಿಕೊಂಡ. ಪರ್ಷಿಯಾದಲ್ಲಿ ತೀರಿಹೋದ ಆ ಹೆಂಡತಿಯ ದೇಹವನ್ನು ಅವನು ರೋಮಿನಲ್ಲಿ ಮಣ್ಣು ಮಾಡುವುದಕ್ಕೆಂದು ಜೊತೆಯಲ್ಲೇ ಸಾಗಿಸುತ್ತಿದ್ದ.

“ನೋಡಿ ಭಾವಾ,” ಅಂದೆ. “ಪೆರಿಂಜೆಯವರು ಕೇಳಿದ್ದೂ ಅದೇ. ರಾಣಿ ಪಂಕ್ಚರ್ ವಿಚಾರ ಕೇಳಲಿಲ್ಲ, ಅಷ್ಟೇ.” ಭಾವ ಗೋಳಿಬಜೆ ಅಗಿಯುತ್ತ ಅಂದರು, “ಅವನಿಗೆ ಕಾರಣ ಇತ್ತಲ್ಲ.” ಚಟ್ನಿ ಬಂತು.

ವೇಣೂರಿಗೆ ತಲುಪಿದ್ದು ಮಧ್ಯಾಹ್ನ ದಾಟಿದ ಮೇಲೆ. 1604ರಲ್ಲಿ ತಿಮ್ಮಣ್ಣ ಅಜಿಲ ನಿಲ್ಲಿಸಿದ 35 ಅಡಿಯ ಬಾಹುಬಲಿ ಹೊಳೆಯ ದಂಡೆಯಲ್ಲಿ, ಬೆಟ್ಟಗಿಟ್ಟ ಹತ್ತಿಸದೆ, ನೆಲದಲ್ಲೇ ಸಿಗುತ್ತಾನೆ. ಸೈಕಲಿನವರಿಗೆ ಇವನಷ್ಟು ಅನುಕೂಲದ ಬಾಹುಬಲಿ ಇನ್ನೊಬ್ಬನಿಲ್ಲ. ಕಾರ್ಕಳದವನು ಬಂಡೆಯ ಮೇಲೆ, ಬೆಳಗೊಳದವನು ಬೆಟ್ಟದ ತುದಿಯಲ್ಲಿ. ಇವನ ಮುಖದಲ್ಲಿ ಸಣ್ಣ ನಗೆ ಇದೆ, ಕೆನ್ನೆಯಲ್ಲಿ ಗುಳಿ. ನಮ್ಮಿಬ್ಬರ ಅವತಾರ ನೋಡಿ ಎಂದು ಭಾವ ಅಂದರು. ಅದು ಮೊದಲಿನಿಂದಲೂ ಇದೆ ಎಂದು ನಾನು ಸಮಾಧಾನ ಹೇಳಿದೆ. ಈ ಊರಿನಲ್ಲಿ ಬಾಹುಬಲಿಯಾಗುವುದು ಕಾರ್ಕಳದ ಅರಸನಿಗೆ ಇಷ್ಟವಿರಲಿಲ್ಲ, ಯುದ್ಧಕ್ಕೆ ಬಂದ, ಆಗ ವಿಗ್ರಹವನ್ನು ಫಲ್ಗುಣಿಯ ಹೊಯಿಗೆಯಲ್ಲಿ ಹೂತು ಕಾಪಾಡಿದರು ಎಂಬ ಕತೆ ಇದೆ. ಇನ್ನೊಂದು ಪಾಡ್ದನ ಎಂಬ ತುಳು ಜನಪದ ಹಾಡಿನದ್ದು. ಕಾರ್ಕಳದ ಬಾಹುಬಲಿಯನ್ನು ಕೆತ್ತಿದ ಕಲ್ಕುಡ ಇನ್ನೆಲ್ಲೂ ಅಂಥದ್ದು ಕೆತ್ತಬಾರದೆಂದು ಅರಸ ಅವನ ಒಂದು ಕೈ, ಒಂದು ಕಾಲು ಕಡಿಸಿದನಂತೆ. ಕಲ್ಕುಡ ವೇಣೂರಿಗೆ ಬಂದು ಉಳಿದ ಒಂದೇ ಕೈಯಲ್ಲಿ ಇವನನ್ನು ಕೆತ್ತಿದ. ಕಾರ್ಕಳದ್ದು 1432, ಇದು 1604, ನಡುವೆ 172 ವರ್ಷ ಆಗಲಿಲ್ಲವೇ ಎಂದು ಭಾವ ಫೋನು ತೆಗೆದು ಲೆಕ್ಕ ಹಾಕಿದರು. ಪಾಡ್ದನಕ್ಕೆ ಇಸವಿಯ ಹಂಗಿಲ್ಲ ಎಂದೆ. ಒಂದು ಕಾಲಿನವನು ಕಾರ್ಕಳದಿಂದ ಇಲ್ಲಿಗೆ ಬಂದ ದಾರಿಯನ್ನು ನೆನೆದು ಭಾವ ತಮ್ಮ ಎರಡು ಮೊಣಕಾಲುಗಳನ್ನೂ ನೀವಿಕೊಂಡರು.

ಅಲ್ಲಿಂದ ಗೋಳಿಯಂಗಡಿಯ ಮೇಲೆ ಗುರುವಾಯನಕೆರೆಗೆ ಹೋಗಿ, ಕೆರೆಯ ದಂಡೆಯಲ್ಲಿ ಕೂತು, ಗಡಾಯಿಕಲ್ಲು ಎಂಬ ಬಂಡೆಗುಡ್ಡವನ್ನು ನೋಡುತ್ತ ಚಾ ಕುಡಿಯುವುದೆಂದು ಕಾರ್ಯಕ್ರಮ. ವೇಣೂರು ದಾಟಿದ ಮೊದಲನೆಯ ಏರಿನಲ್ಲೇ ಹಿಂಡಿ ಗೋಣಿ ತುಂಬಿದ ಪಿಕಪ್ ಒಂದು ಪಕ್ಕಕ್ಕೆ ಬಂದು ನಿಂತಿತು. “ಎಂತ ಹಾಳಾದದ್ದು?” ಏನೂ ಹಾಳಾಗಿಲ್ಲ ಎಂದೆವು. “ಹಾಳಾಗದ ಸೈಕಲ್ಲನ್ನು ದೂಡುವುದು ಯಾಕೆ?” ಇದಕ್ಕೆ ನಮ್ಮ ಬಳಿ ಉತ್ತರವಿರಲಿಲ್ಲ. ಸೈಕಲ್ಲುಗಳು ಗೋಣಿಯ ಮೇಲೆ ಏರಿದವು, ನಾವು ಡ್ರೈವರನ ಪಕ್ಕ.

ಟಸ್ಕನಿಯ ವ್ಯಾನು ನೇರ ಹೋಟೆಲಿಗೆ ಹೋಗುತ್ತದೆ. ನಮ್ಮದು ಹಿಂಡಿ ಬೇಕಾದ ಮನೆಮನೆಗೂ ಹೋಯಿತು. ತೋಟದ ನಡುವಿನ ದಾರಿ, ಅಂಗಳ ತುಂಬ ಹರವಿದ ಅಡಿಕೆ, ದನದ ಹಟ್ಟಿ, ಅಡಿಕೆ ತುಳಿಯದಂತೆ ಗಾಡಿ ತಿರುಗಿಸಲು ಕಾಲು ಗಂಟೆ. ಸೈಕಲಿನಲ್ಲೇ ಇದಕ್ಕಿಂತ ಬೇಗ ಹೋಗುತ್ತಿದ್ದೆವು. ಪ್ರತಿ ಅಂಗಳದಲ್ಲೂ ಡ್ರೈವರ್ ನಮ್ಮ ಪರವಾಗಿ ವಿವರಣೆ ಕೊಡುತ್ತಿದ್ದ. ಮೊದಲನೆಯ ಮನೆಯಲ್ಲಿ ಚೈನು ಕಡಿದದ್ದು. ಎರಡನೆಯದರಲ್ಲಿ ಇವರಿಗೆ ಬೆನ್ನು ಹಿಡಿದದ್ದು. ನಡುವೆ ಭಾವ ಇಟಲಿಯ ವಿಷಯ ಎತ್ತಿದ್ದರಿಂದ ಗೋಳಿಯಂಗಡಿಯ ಹತ್ತಿರದ ಮನೆಯೊಂದಕ್ಕೆ ಬರುವಾಗ ಕತೆ ಬಲಿತಿತ್ತು: “ಇಟಲಿಯಲ್ಲಿ ಇದ್ದದ್ದಂತೆ, ಕೆಲಸ ಹೋಯಿತು ಪಾಪ. ಈಗ ಸೈಕಲಿನಲ್ಲಿ.”

ಆ ಮನೆಯ ಅಮ್ಮ ಒಳಗೆ ಹೋಗಿ, ಶುಂಠಿ, ಹಸಿಮೆಣಸು ಜಜ್ಜಿ ಹಾಕಿದ ಮಜ್ಜಿಗೆ ತಂದು ಭಾವನ ಕೈಗೆ ಕೊಟ್ಟರು. “ಕೆಲಸ ಇನ್ನೊಂದು ಸಿಗ್ತದೆ ಮಗಾ. ಊರಿಗೆ ಬಂದದ್ದು ಒಳ್ಳೇದಾಯ್ತು, ಕುಡಿ.”

ಬೆಳಗ್ಗಿನಿಂದ ಎಲ್ಲರಿಗೂ ಸತ್ಯ ಹೇಳಿ ಹೇಳಿ ಸೋತಿದ್ದ ಭಾವ ಲೋಟ ಬರಿದು ಮಾಡಿ, ಇನ್ನೂ ಸ್ವಲ್ಪ ಉಂಟಾ ಎಂದು ಕೇಳಿದರು.