ಕಿಸೆ ಇದ್ದಷ್ಟು ಚಾಕು ಚಾಚು

ಐವತ್ತು ದಾಟಿದ ಗಂಡಸರಿಗೆ ಹತ್ತುವ ಚಟಗಳಲ್ಲಿ ಕೆಲವನ್ನು ಮನೆಯವರು ಕ್ಷಮಿಸುತ್ತಾರೆ. ಬೆಳಗಿನ ವಾಕಿಂಗು, ರಾಶಿಭವಿಷ್ಯ, ಹಳೆಯ ರೇಡಿಯೊ ಬಿಚ್ಚಿ ಜೋಡಿಸಲಾಗದೆ ಡಬ್ಬಿಯಲ್ಲಿ ತುಂಬಿಡುವುದು, ಇವೆಲ್ಲ ನಡೆಯುತ್ತವೆ. ಆದರೆ "ನನಗೊಂದು ದೊಡ್ಡ ಮಡಚುವ ಚಾಕು ಬೇಕು, ದಿನಾ ಕಿಸೆಯಲ್ಲಿ ಇಟ್ಟುಕೊಂಡು ಅಡ್ಡಾಡಲಿಕ್ಕೆ" ಎಂದು ಹೇಳಿ ನೋಡಿ. ಈಳಿಗೆಯ ಮೇಲೆ ಬದನೆಕಾಯಿ ಹೆಚ್ಚುತ್ತಿದ್ದ ನನ್ನ ಹೆಂಡತಿ ತಲೆ ಎತ್ತಿ, "ಯಾರ ಜೋಡಿ ಜಗಳಾ ತಗದೀರಿ?" ಎಂದಳು.

ಜಗಳ ಯಾರ ಜೊತೆಗೂ ಇಲ್ಲ. ನಮ್ಮದು ಹಲಸಿ. ಖಾನಾಪುರ ಬಿಟ್ಟು ನಂದಗಡ ದಾಟಿದರೆ ಸಿಗುವ ಊರು. ಕದಂಬರು ಇದನ್ನು ಪಲಾಶಿಕೆ ಎಂದು ಕರೆದು ಎರಡನೆಯ ರಾಜಧಾನಿ ಮಾಡಿಕೊಂಡಿದ್ದರಂತೆ. ದಾರಿಯಲ್ಲಿ ಸಿಗುವ ನಂದಗಡವೋ, 1831ರ ಜನವರಿ 26ರಂದು ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ಊರು. ಒಂದು ಕಡೆ ರಾಜರು, ಇನ್ನೊಂದು ಕಡೆ ರಾಯಣ್ಣ, ಹಿಂದೆ ಕಾಡು. ಇಂಥ ಸೀಮೆಯ ನಿವೃತ್ತ ಮಾಸ್ತರನೊಬ್ಬ ಕಿಸೆಯಲ್ಲಿ ಬರೇ ಚಷ್ಮಾದ ಡಬ್ಬಿ ಇಟ್ಟುಕೊಂಡು ತಿರುಗುವುದು ಇತಿಹಾಸಕ್ಕೇ ಅವಮಾನವಲ್ಲವೇ?

ನಮ್ಮಜ್ಜನ ಹತ್ತಿರ ಇತ್ತು. ಎಲೆಯಡಿಕೆಯ ಚಂಚಿಯಲ್ಲಿ ಅಡಕತ್ತು, ಸುಣ್ಣದ ಡಬ್ಬಿ, ತಂಬಾಕು, ಅವುಗಳ ತಳದಲ್ಲಿ ಬೆರಳುದ್ದದ ಮಡಚುವ ಚಾಕು. ಅದರಲ್ಲೇ ಕಾಲಿನ ಮುಳ್ಳು ತೆಗೆಯುವುದು, ಉಗುರು ಕತ್ತರಿಸುವುದು, ಕಡೆಗೆ ಮಾವಿನಹಣ್ಣು ಹೆಚ್ಚಿ ಮೊಮ್ಮಕ್ಕಳಿಗೆ ಹಂಚುವುದು. ಕೆಲಸಗಳ ನಡುವೆ ತೊಳೆಯುವ ಪದ್ಧತಿ ಇರಲಿಲ್ಲ. ಅಜ್ಜನೂ ಬದುಕಿದ, ನಾವೂ ಬದುಕಿದೆವು. ಆದರೆ ನನ್ನ ಆಸೆ ಬೆರಳುದ್ದಕ್ಕೆ ನಿಲ್ಲುವುದಾಗಿರಲಿಲ್ಲ.

ದೊಡ್ಡದೆಂದರೆ ಎಷ್ಟು ದೊಡ್ಡದು? ಉತ್ತರ ಪ್ರದೇಶದ ರಾಂಪುರದವರನ್ನು ಕೇಳಿದರೆ 20 ಅಡಿ ಎಂದಾರು. ಹಿಂದಿ ಸಿನಿಮಾದ ಖಳರೆಲ್ಲ ಝಳಪಿಸಿದ ಆ 'ರಾಂಪುರಿ'ಯ ನೆನಪಿಗೆ 2023ರಲ್ಲಿ ಅಲ್ಲಿನ ಚೌಕದಲ್ಲಿ ಅಷ್ಟುದ್ದದ ಚಾಕು ನಿಲ್ಲಿಸಿದ್ದಾರೆ. ಅದಕ್ಕೆ ತಕ್ಕ ಕಿಸೆ ಹೊಲಿಯುವ ಟೇಲರ್ ಖಾನಾಪುರದಲ್ಲಂತೂ ಇಲ್ಲ. ಇಂಗ್ಲೆಂಡಿನವರು ಕೈಬಿಗಿ. ಬೀಗ ಬೀಳದ, 3 ಇಂಚು ಮೀರದ ಅಲಗಿನ ಮಡಚುವ ಚಾಕುವಾದರೆ ಸುಮ್ಮನಿರುತ್ತಾರೆ, ಅದಕ್ಕೆ ಮೀರಿದರೆ ಯಾಕೆ ಬೇಕಾಯಿತೆಂದು ಕಾರಣ ಹೇಳಬೇಕು. ನಮ್ಮ ದೇಶದ ಆಯುಧ ನಿಯಮಗಳ ಪಟ್ಟಿಯಲ್ಲಿ ಬರುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಅಲಗಿನವು. ಅದರಲ್ಲೂ ಮನೆಗೆಲಸದ್ದು, ಒಕ್ಕಲುತನದ್ದು ಹೊರತು. ಅಂದರೆ ಹೆಂಡತಿಯ ಈಳಿಗೆಗೆ, ಮೇವು ಕೊಯ್ಯುವ ಕುಡಗೋಲಿಗೆ ಸರಕಾರವೂ ಕೈಮುಗಿದಿದೆ. ಕೊಡಗಿನವರ ಮಾತು ಬೇರೆ ಬಿಡಿ. ಕುಪ್ಯದ ಮೇಲೆ ಸೊಂಟಕ್ಕೆ ಚೇಲೆ ಬಿಗಿದು ಅದರಲ್ಲಿ ಪೀಚೆಕತ್ತಿ ಸಿಕ್ಕಿಸಿಕೊಂಡು ಮದುವೆಮನೆಯಲ್ಲಿ ನಿಂತರೆ ಅದೊಂದು ಗಾಂಭೀರ್ಯ. ನಾನು ನೆಹರು ಶರ್ಟಿನ ಮೇಲೆ ಹಾಗೆ ಸಿಕ್ಕಿಸಿಕೊಂಡರೆ ತೆಂಗಿನಕಾಯಿ ಸುಲಿಯಲು ಬಂದವನೆಂದು ಅಡುಗೆಮನೆಗೆ ಕಳಿಸುತ್ತಾರೆ.

ಕಾಡಿನ ನೆಪ ಹೇಳಿದ್ದೆನಲ್ಲ, ಅದರ ಗತಿ ಕೇಳಿ. ಖಾನಾಪುರ ತಾಲೂಕಿನ ಆ ಕಾಡಿನಲ್ಲಿ ಭೀಮಗಡ ವನ್ಯಜೀವಿಧಾಮವಿದೆ, ಕರಡಿಗಳೂ ಇವೆ. ಕರಡಿ ಎದುರಾದಾಗ ನಾನು ಚಾಕು ಬಿಚ್ಚುವ ಭಂಗಿಯನ್ನು ಕನ್ನಡಿಯ ಮುಂದೆ ನಿಂತು ನೋಡಿಕೊಂಡದ್ದೂ ಆಗಿತ್ತು. ಆಮೇಲೆ ತಿಳಿಯಿತು: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬಲೆ, ಗಾಳ, ವಿಷ, ಬಂದೂಕುಗಳ ಸಾಲಿನಲ್ಲೇ ಚಾಕುವೂ ಆಯುಧ. ಲಿಖಿತ ಅನುಮತಿ ಇಲ್ಲದೆ ವನ್ಯಧಾಮದೊಳಗೆ ಒಯ್ಯುವಂತಿಲ್ಲ. ಯಾವ ಕಾಡನ್ನು ನೆನೆದು ಚಾಕು ಬೇಕೆಂದೆನೋ ಆ ಕಾಡಿಗೇ ಅದಕ್ಕೆ ಪ್ರವೇಶವಿಲ್ಲ. ಸಾಂಬ್ರಾ ವಿಮಾನ ನಿಲ್ದಾಣದಲ್ಲೂ ಕೈಚೀಲದಲ್ಲಿ ಬಿಡುವುದಿಲ್ಲ. ಉಳಿದದ್ದು ನಮ್ಮ ಮನೆ, ಕಟ್ಟೆ, ಸಂತೆ ಮತ್ತು ಬಸ್ಸು. ಅಲ್ಲಿ ಕರಡಿ ಇಲ್ಲ.

ಆದರೂ ಆಸೆ ಇಳಿಯಲಿಲ್ಲ. ಮೊದಲು ಕಂಬಾರನ ಹತ್ತಿರ ಹೋದೆ. ಆತ ಲಾರಿಯ ಕಮಾನು ಪಟ್ಟಿ ಕಾಯಿಸಿ ಕುಡಗೋಲು ಬಡಿಯುತ್ತಿದ್ದ. ನನ್ನ ಬೇಡಿಕೆ ಕೇಳಿ ತಿದಿ ನಿಲ್ಲಿಸಿದ. "ಮಾಸ್ತರ, ಬಡಿಯೂದು ನನ್ನ ಕೆಲಸರಿ. ಮಡಚೂದು ಟೇಲರಂದು" ಎಂದ. ಬೆಳಗಾವಿಯ ಉದ್ಯಮಬಾಗದಲ್ಲಿ ಅಷ್ಟೊಂದು ಫೌಂಡ್ರಿಗಳಿವೆಯಲ್ಲ, ಅಲ್ಲೇ ಒಂದು ಎರಕ ಹೊಯ್ಯಿಸಿದರೆ ಹೇಗೆ ಎಂದೆ. ಆತ ನನ್ನ ಶಿಕ್ಷಕ ವೃತ್ತಿಯ ಬಗ್ಗೆಯೇ ಸಂಶಯ ಬಂದವನ ಹಾಗೆ ನೋಡಿದ. ಎರಕದ ಬೀಡಿನಲ್ಲಿ ಇಂಗಾಲ ಶೇ 2ಕ್ಕಿಂತ ಹೆಚ್ಚು. ಕೆಳಗೆ ಬಿದ್ದರೆ ಬಾಗುವುದಿಲ್ಲ, ಒಡೆಯುತ್ತದೆ. ಚಾಕುವಿಗೆ ಬೇಕಾದದ್ದು ಉಕ್ಕು. ಅದರಲ್ಲೂ ಎರಡು ಜಾತಿ. ಹಳೆಯ ಮಾದರಿಯ ಇಂಗಾಲದ ಉಕ್ಕು ಕಲ್ಲಿಗೆ ನಾಲ್ಕು ಸಲ ಎಳೆದರೆ ಹರಿತವಾಗುತ್ತದೆ, ಹುಳಿ ಮಾವಿನಕಾಯಿ ಮುಟ್ಟಿದರೆ ಕಪ್ಪಾಗುತ್ತದೆ, ಒರೆಸದೆ ಇಟ್ಟರೆ ನಮ್ಮ ಮಳೆಗಾಲದಲ್ಲಿ ಬೆಳಗಾಗುವುದರೊಳಗೆ ತುಕ್ಕು. ಕ್ರೋಮಿಯಂ ಬೆರೆತ ಸ್ಟೇನ್‌ಲೆಸ್‌ಗೆ ತುಕ್ಕಿನ ಕಾಟ ಕಡಿಮೆ. "ಆದರ ಸರ, ನೋಡಾಕ ಚಂದ, ಮಸಿಯಾಕ ಬ್ಯಾಸರ" ಎಂದು ಕಂಬಾರ ತೀರ್ಪು ಕೊಟ್ಟ.

ಅಲ್ಲಿಂದ ಬೆಳಗಾವಿ, ಖಡೇಬಜಾರ. ಅಂಗಡಿಯವ ನನ್ನ ಬಿಳಿಗೂದಲಿಗೆ ಮರ್ಯಾದೆ ಕೊಟ್ಟು ಮೇಲಿನ ಕಪಾಟಿನಿಂದ ಕರಿಯ ಪೆಟ್ಟಿಗೆ ಇಳಿಸಿದ. "ಕಮಾಂಡೋ ಮಾಡೆಲ್ ಸರ." ಅಂಗೈಗಿಂತ ಉದ್ದದ ಕರಿ ಅಲಗು, ಬೆನ್ನಿಗೆ ಗರಗಸದ ಹಲ್ಲು, ಹಿಡಿಯ ತುದಿಯಲ್ಲಿ ದಿಕ್ಸೂಚಿ. ನಮ್ಮೂರಲ್ಲಿ ದಿಕ್ಕು ತಪ್ಪಿದರೆ ಗುಡಿಯ ಶಿಖರ ನೋಡುತ್ತೇವೆ ಎಂದೆ. ಆತ ಬೇಸರಿಸದೆ ಒಂದೊಂದನ್ನೇ ಬಿಚ್ಚಿ ತೋರಿಸಿದ. ಆಗ ಗೊತ್ತಾಯಿತು, ಮಡಚುವ ಚಾಕುವೆಂದರೆ ಹುಟ್ಟುವಾಗಲೇ ನಡು ಮುರಿದುಕೊಂಡದ್ದು. ಅಲಗು ಎಷ್ಟೇ ಗಟ್ಟಿಯಿರಲಿ, ಅದರ ಪೌರುಷವೆಲ್ಲ ಕೀಲಿನ ಕೈಯಲ್ಲಿ. 1897ರಿಂದ ನಡೆದುಬಂದ ಸ್ವಿಸ್ ಕೆಂಪು ಚಾಕುವಿನ ಹಳೆಯ ಮಾದರಿಗಳಲ್ಲಿ ಬೆನ್ನಿನ ಸ್ಪ್ರಿಂಗು ಅಲಗನ್ನು ಒತ್ತಿ ಹಿಡಿಯುತ್ತದೆ ಅಷ್ಟೇ, ಬೀಗವಿಲ್ಲ. ಚುಚ್ಚಲು ಹೋದರೆ ಮಡಚಿಕೊಂಡು ನಿಮ್ಮ ಬೆರಳನ್ನೇ ವಿಚಾರಿಸೀತು. ಫ್ರಾನ್ಸಿನ ಓಪಿನೆಲ್ 1890ರಿಂದ ಇದೆ. 1955ರಲ್ಲಿ ಅದರ ಕುತ್ತಿಗೆಗೆ ಒಂದು ತಿರುಗುವ ಬಳೆ ತೊಡಿಸಿದರು, ತಿರುವಿದರೆ ಬೀಗ. ಚಪ್ಪಲಿಯಲ್ಲಿದ್ದ ಹಾಗೆ ಅದರಲ್ಲೂ ನಂಬರುಗಳಿವೆ: 8ನೆಯದರ ಅಲಗು 8.5 ಸೆಂ.ಮೀ., 12ನೆಯದರದು 12. ಚಂದದ ಮರದ ಹಿಡಿ. ಆದರೆ ಮರಕ್ಕೆ ನೀರು ತಾಗಿದರೆ ಉಬ್ಬುತ್ತದೆ. ಮಲಪ್ರಭೆ ಹುಟ್ಟುವ ಕಣಕುಂಬಿ ಇರುವ ನಮ್ಮ ತಾಲೂಕಿನಲ್ಲಿ ಮೃಗಶಿರಾ ಹಿಡಿದ ಮೇಲೆ ಒಳಗೆ ಕೂತ ಅಲಗು ದೀಪಾವಳಿಗೇ ಹೊರಬರಬಹುದು. ಇನ್ನು ಹಿಡಿಯೊಳಗಿನ ತಗಡು ಪಕ್ಕಕ್ಕೆ ಸರಿದು ಅಲಗಿಗೆ ಒತ್ತು ಕೊಡುವ ಜಾತಿ. ಗಟ್ಟಿ ಹೌದು, ಮುಚ್ಚುವಾಗ ಮಾತ್ರ ಹೆಬ್ಬೆರಳು ಅಲಗಿನ ದಾರಿಯಲ್ಲೇ ಇರುತ್ತದೆ.

ಕಡೆಗೆ ಹಿಡಿಯ ಬೆನ್ನಿನಲ್ಲಿ ಬೀಗವಿರುವ ದೊಡ್ಡದೊಂದನ್ನು ತಂದೆ. ನೇರ ಮನೆಗೆ ಹೋಗುವ ಬದಲು ಭೂವರಾಹ ನರಸಿಂಹನ ಗುಡಿಗೆ ನಡೆದೆ. ಗೋವೆಯ ಕದಂಬರ ಶಿವಚಿತ್ತ ಪೆರ್ಮಾಡಿಯ ಕಾಲದ, 1169ರ ಶಾಸನವಿರುವ ಗುಡಿ. ಎರಡು ಗರ್ಭಗುಡಿಗಳು ಎದುರುಬದುರು. ಒಂದಕ್ಕೆ ನಮಸ್ಕರಿಸಿದರೆ ಇನ್ನೊಂದಕ್ಕೆ ಬೆನ್ನಾಗುತ್ತದೆಂದು ನಾನು ಯಾವಾಗಲೂ ಬೇಗ ಬೇಗ ಬಾಗಿ ತಿರುಗುವವ. ಅಂದು ಬಾಗಿದಾಗ ಮೇಲಿನ ಕಿಸೆಯಿಂದ ಚಾಕು ಜಾರಿ ಕಲ್ಲುನೆಲದ ಮೇಲೆ ಖಣಲ್ ಎಂದಿತು. ಎಂಟುನೂರು ವರ್ಷದ ಮಂಟಪ ಅದನ್ನು ಮೂರು ಸಲ ಹೇಳಿತು. ಕಂಬದ ಬುಡದಲ್ಲಿ ಹೂಬತ್ತಿ ಹೊಸೆಯುತ್ತಿದ್ದ ಮುದುಕಿ ನೋಡಿ, "ಯಪ್ಪಾ, ನರಸಿಂಹಗ ಉಗುರು ಅದಾವ. ನಿನ್ನ ಚಾಕು ಆತಗ ಬ್ಯಾಡ" ಎಂದಳು.

ಮುದುಕಿಯ ಮಾತು ಕಟ್ಟೆಯ ಮೇಲೆ ಕೂತು ಯೋಚಿಸುವಂಥದ್ದೇ. ಬೆಕ್ಕಿನ ಜಾತಿಯ ಹೆಚ್ಚಿನವು ಉಗುರನ್ನು ಬೇಕಾದಾಗ ಹೊರಗೆ ತೆಗೆದು ಬೇಡವಾದಾಗ ಒಳಗೆ ಎಳೆದುಕೊಳ್ಳುತ್ತವೆ. ಮಡಚುವ ಆಯುಧದ ಮೂಲ ಪೇಟೆಂಟು ಅವುಗಳದೇ. ಮನುಷ್ಯರು ತಡವಾಗಿ ಕಲಿತರು. ಆಸ್ಟ್ರಿಯದ ಹಾಲ್‌ಸ್ಟಾಟ್‌ನಲ್ಲಿ ಸಿಕ್ಕ ಮಡಚುವ ಚಾಕುವಿಗೆ ಸುಮಾರು 2500 ವರ್ಷ ಅಷ್ಟೇ. ಮತ್ತೆ ಸಿಂಹದ ಉಗುರಿನಲ್ಲೂ ಗಮನಿಸಿ, ಉಗುರು ಸಣ್ಣದು, ಪಂಜ ದೊಡ್ಡದು. ನಾನು ಅಂಗಡಿಯಲ್ಲಿ ಅಳೆಯುತ್ತಿದ್ದದ್ದು ಬರೇ ಉಗುರನ್ನು.

ದಿನಗಳೆದಂತೆ ಚಾಕು ತನ್ನ ನಿಜವಾದ ಕಸುಬು ತೋರಿಸಿತು. ಸಿಮೆಂಟು ಚೀಲದ ಹೊಲಿಗೆ, ಪಾರ್ಸೆಲ್ಲಿನ ಟೇಪು, ಎಮ್ಮೆಯ ಹಗ್ಗ, ಅಂಗನವಾಡಿಯ ಕೂಸಿನ ಹುಟ್ಟುಹಬ್ಬದ ಕೇಕು. ಯಾವುದಕ್ಕೂ ಮೂರು ಇಂಚಿನ ಆಚೆಗಿನ ಅಲಗು ಕೆಲಸಕ್ಕೆ ಬರಲಿಲ್ಲ. ಆದರೆ ನಾಲ್ಕೂ ಬೆರಳು ಕೂರುವ ಹಿಡಿ ಇದ್ದದ್ದಕ್ಕೆ ಪ್ರತಿ ಸಲವೂ ಬಚಾವಾದೆ. ಒಂದೇ ಸೋಲು ಹಲಸಿನಹಣ್ಣಿನದು. ಮೇಣ ಕೀಲಿನೊಳಗೆ ಇಳಿದು ಚಾಕು ತೆರೆದದ್ದು ತೆರೆದಂತೆಯೇ ನಿಂತಿತು. ಕೊಬ್ಬರಿಎಣ್ಣೆ ಹಾಕಿ, ಬಿಸಿಲಿಗಿಟ್ಟು, ಬಟ್ಟೆ ತುರುಕಿ ತಿಕ್ಕುತ್ತಿದ್ದಾಗ ಹೆಂಡತಿ ಅದೇ ಹಣ್ಣನ್ನು ಈಳಿಗೆಗೆ ಎಣ್ಣೆ ಸವರಿ ಬಿಡಿಸಿ, ತೊಳೆಗಳನ್ನು ತಾಟಿನಲ್ಲಿ ತಂದು ಮುಂದಿಟ್ಟಳು. ಒಂದು ಮಾತೂ ಆಡಲಿಲ್ಲ. ಆಕೆ ಬೈದಿದ್ದರೆ ಚೆನ್ನಾಗಿತ್ತು.

ಈಗ ಊರಿಗೆಲ್ಲ ನನ್ನ ಚಾಕು ಗೊತ್ತು. ಖಂಡೇನವಮಿಗೆ ಅದಕ್ಕೂ ಈಳಿಗೆಯ ಪಕ್ಕದಲ್ಲಿ ಕುಂಕುಮ ಬೀಳುತ್ತದೆ, ಸ್ಥಾನ ಮಾತ್ರ ಈಳಿಗೆಗಿಂತ ಕೆಳಗೆ. ಹೊಸದಾಗಿ ಕೊಳ್ಳುವ ಗೆಳೆಯರು ಸಲಹೆ ಕೇಳಲು ಬರುತ್ತಾರೆ. ಅವರಿಗೆ ನಾನು ಉಕ್ಕಿನ ಶಾಸ್ತ್ರ ಹೇಳುವುದಿಲ್ಲ. ಹಿಡಿ ನಿಮ್ಮ ಕೈಗೆ ತಕ್ಕಷ್ಟು ದೊಡ್ಡದಿರಲಿ, ಅಲಗು ನಿಮ್ಮ ಕೆಲಸಕ್ಕೆ ತಕ್ಕಷ್ಟು ಸಣ್ಣದಿರಲಿ, ಬೀಗ ಬಿಗಿಯಾಗಿರಲಿ, ಕೀಲು ತೊಳೆಯಲು ಬರುವಂತಿರಲಿ. ಮತ್ತೆ ಅಂಗಡಿಗೆ ಹೋಗುವಾಗ ಕರಡಿಯನ್ನು ಮರೆತು ಒಂದು ಮಾವಿನಕಾಯಿ ಒಯ್ಯಿರಿ. ಅದನ್ನು ಹೆಚ್ಚಿ ನೋಡದೆ ದುಡ್ಡು ಕೊಡಬೇಡಿ. ಅಂಗಡಿಯವ ಮುಖ ಗಂಟಿಕ್ಕಿದರೆ ಅರ್ಧ ಹೋಳು ಅವನ ಕಡೆ ಸರಿಸಿ. ಆತ ಗಲ್ಲೆಯ ಕೆಳಗಿನಿಂದ ಉಪ್ಪು, ಖಾರಪುಡಿ ತೆಗೆದನೆಂದರೆ ರೇಟಿನಲ್ಲೂ ಸ್ವಲ್ಪ ಇಳಿಯುತ್ತಾನೆ, ಕೇಳಿ ನೋಡಿ.